ಅಂಕೋರಿನಲ್ಲಿ ಒಂದು ವಾರ

ಆಗ್ನೇಯ ಏಷ್ಯಕ್ಕೆ ಒಂದು ವಾರದ ಪ್ರವಾಸವೆಂದೊಡನೆ ನಮ್ಮವರಲ್ಲಿ ಅನೇಕರು ಬ್ಯಾಂಕಾಕಿಗೆ ಎರಡು ದಿನ, ಸಿಂಗಾಪುರಕ್ಕೆ ಎರಡು ದಿನ, ಬಾಲಿಗೆ ಮೂರು ದಿನ ಎಂದು ಕಾಲವನ್ನು ಹಂಚಿಕೊಂಡು ಹೊರಡುತ್ತಾರೆ. ಹಿಂದಿರುಗಿದ ಮೇಲೆ ಅವರ ಮನಸ್ಸಿನಲ್ಲಿ ಉಳಿಯುವುದು ಬಹುಮಟ್ಟಿಗೆ ವಿಮಾನನಿಲ್ದಾಣಗಳ ಸರತಿಯ ಸಾಲು, ಪೆಟ್ಟಿಗೆಗಳ ಭಾರ, ನಸುಕಿನಲ್ಲೆದ್ದು ಬಾಡಿಗೆಯ ವಾಹನ ಹಿಡಿದ ಅವಸರ. ದೇವಾಲಯಗಳನ್ನೂ ನೋಡಬೇಕು, ದೇಹಕ್ಕೂ ಮನಸ್ಸಿಗೂ ಕೊಂಚ ವಿಶ್ರಾಂತಿ ದೊರಕಬೇಕು ಎಂಬ ಅಪೇಕ್ಷೆಯುಳ್ಳವರು ಇಷ್ಟೊಂದು ಅಲೆಯಬೇಕಾದ ಅಗತ್ಯವಿಲ್ಲ. ಅವರು ಒಂದೇ ಊರನ್ನು ಆರಿಸಿಕೊಂಡು ಅಲ್ಲಿ ಐದಾರು ದಿನ ಬಿಡಾರ ಹೂಡಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಊರು ಯಾವುದೆಂದು ಕೇಳಿದರೆ ಕಾಂಬೋಡಿಯದ ಸಿಯೆಮ್ ರೀಪ್ ಎಂದು ನಿಸ್ಸಂದೇಹವಾಗಿ ಹೇಳುತ್ತೇನೆ.

ಸಿಯೆಮ್ ರೀಪ್ ಸ್ವತಃ ದೊಡ್ಡ ನಗರವಲ್ಲ. ಅದರ ಉತ್ತರಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ಸುಮಾರು 400 ಚದರ ಕಿಲೋಮೀಟರುಗಳ ಕಾಡು, ಕೆರೆ, ಗದ್ದೆಗಳ ನಡುವೆ ಅಂಕೋರಿನ ದೇಗುಲಗಳು ಹರಡಿಕೊಂಡಿವೆ. ಕ್ರಿ.ಶ. 802ರಲ್ಲಿ ಎರಡನೆಯ ಜಯವರ್ಮನು ಮಹೇಂದ್ರಪರ್ವತದ ಮೇಲೆ, ಎಂದರೆ ಇಂದಿನ ಕುಲೆನ್ ಬೆಟ್ಟದ ಮೇಲೆ, ಸಾರ್ವಭೌಮನೆಂದು ಅಭಿಷಿಕ್ತನಾದಂದಿನಿಂದ ಮೊದಲ್ಗೊಂಡು ಆರು ಶತಮಾನಗಳ ಕಾಲ ಖ್ಮೇರ್ ಅರಸರು ಈ ಬಯಲಿನಲ್ಲಿ ಕೆರೆಗಳನ್ನು ತೋಡಿಸುತ್ತ, ಗುಡಿಗಳನ್ನು ಎಬ್ಬಿಸುತ್ತ ಬಂದರು. ಇವರಲ್ಲಿ ಎರಡನೆಯ ಸೂರ್ಯವರ್ಮನು 1113ರಲ್ಲಿ ಪಟ್ಟಕ್ಕೆ ಬಂದು ವಿಷ್ಣುವಿಗಾಗಿ ಅಂಕೋರ್ ವಾಟ್ ದೇವಾಲಯವನ್ನು ಕಟ್ಟಿಸಿದನು. ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ್ದು 1117ರಲ್ಲಿ ಎಂಬುದನ್ನು ನೆನೆದರೆ, ಸಮುದ್ರದ ಈಚೆಗೂ ಆಚೆಗೂ ಒಂದೇ ಕಾಲದಲ್ಲಿ ಒಂದೇ ಪುರಾಣಗಳು ಕಲ್ಲಿನ ಮೇಲೆ ಮೂಡುತ್ತಿದ್ದುವೆಂಬ ಸಂಗತಿ ಕನ್ನಡಿಗನಿಗೆ ವಿಶೇಷವಾದ ಸಂತೋಷವನ್ನು ಕೊಡದೆ ಇರದು.

ಪ್ರವಾಸದ ಯೋಜನೆಯನ್ನು ಹೂಡುವಾಗ ಮೊದಲು ಗಮನಿಸಬೇಕಾದದ್ದು ಪ್ರವೇಶಪತ್ರದ ಒಂದು ನಿಯಮ. 2017ರಲ್ಲಿ ಗೊತ್ತುಪಡಿಸಿದ ದರಗಳಂತೆ ಒಂದು ದಿನದ ಪತ್ರಕ್ಕೆ 37 ಡಾಲರ್, ಮೂರು ದಿನಗಳದಕ್ಕೆ 62, ಏಳು ದಿನಗಳದಕ್ಕೆ 72 ಡಾಲರ್. ಮೂರು ದಿನಗಳ ಪತ್ರವನ್ನು ಎಡೆಬಿಡದ ಮೂರು ದಿನಗಳಲ್ಲಿಯೇ ಮುಗಿಸಬೇಕೆಂಬ ನಿರ್ಬಂಧವಿಲ್ಲ. ಹತ್ತು ದಿನಗಳೊಳಗೆ ಬೇಕಾದ ಮೂರು ದಿನ ಅದನ್ನು ಬಳಸಬಹುದು. ದೇಗುಲಕ್ಕೆ ಒಂದು ದಿನ, ವಿಶ್ರಾಂತಿಗೆ ಒಂದು ದಿನ, ಮತ್ತೆ ದೇಗುಲಕ್ಕೆ ಒಂದು ದಿನ ಎಂದು ಹೆಣೆದುಕೊಳ್ಳಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೆ ಬೇಕಿಲ್ಲ. ಎಲ್ಲ ಗುಡಿಗಳನ್ನೂ ಮೊದಲು ನೋಡಿ ಮುಗಿಸಿ, ಬಳಲಿದ ಮೇಲೆ ಕಡೆಯ ಎರಡು ದಿನ ಎಲ್ಲಿಯಾದರೂ ಮಲಗಿರುವುದಕ್ಕಿಂತ ಇದು ಎಷ್ಟೋ ಮೇಲು. ಏಕೆಂದರೆ ಇಲ್ಲಿಯ ಶಿಲ್ಪವನ್ನು ಅರಗಿಸಿಕೊಳ್ಳಲು ನಡುವೆ ಒಂದು ದಿನದ ಬಿಡುವು ಬೇಕೇ ಬೇಕು. ಪತ್ರದ ಮೇಲೆ ಕೊಳ್ಳುವವರ ಭಾವಚಿತ್ರವನ್ನು ಮುದ್ರಿಸುತ್ತಾರಾಗಿ ಒಬ್ಬರದನ್ನು ಮತ್ತೊಬ್ಬರು ಬಳಸುವಂತಿಲ್ಲ. ಹನ್ನೆರಡು ವರ್ಷಕ್ಕೆ ಕಡಮೆಯಾದ ಮಕ್ಕಳಿಗೆ ಶುಲ್ಕವಿಲ್ಲ. ವಯಸ್ಸನ್ನು ತೋರಿಸಲು ಅವರ ಪಾಸ್‌ಪೋರ್ಟ್ ಜತೆಯಲ್ಲಿರಬೇಕು.

ಎರಡನೆಯದಾಗಿ, ಸೂರ್ಯನ ಗತಿಯನ್ನು ನೋಡಿ ದಿನಚರಿಯನ್ನು ಗೊತ್ತುಮಾಡಿಕೊಳ್ಳತಕ್ಕುದು. ಅಂಕೋರ್ ವಾಟ್ ಪಶ್ಚಿಮಾಭಿಮುಖವಾದ ದೇವಾಲಯ. ಸುಮಾರು 190 ಮೀಟರ್ ಅಗಲದ ಕಂದಕವನ್ನು ಕಲ್ಲಿನ ಸೇತುವೆಯ ಮೇಲೆ ದಾಟಿ ಒಳಹೊಕ್ಕರೆ, ಮೇರುಪರ್ವತದ ಶಿಖರಗಳನ್ನು ಸಂಕೇತಿಸುವ ಐದು ಗೋಪುರಗಳು, ನಡುವಣದು ನೆಲದಿಂದ 65 ಮೀಟರ್ ಎತ್ತರವಾಗಿ, ಎದುರಿಗೆ ನಿಲ್ಲುತ್ತವೆ. ಇವುಗಳ ಹಿಂದೆ ಸೂರ್ಯನುದಯಿಸುವುದನ್ನು ಕಾಣಲು ಬೆಳಗಿನ ಐದು ಗಂಟೆಗೇ ಸಾವಿರಾರು ಮಂದಿ ಕೊಳದ ದಂಡೆಯ ಮೇಲೆ ನೆರೆಯುತ್ತಾರೆ. ಆ ದೃಶ್ಯ ಸುಂದರವಾದದ್ದೇ. ಆದರೆ ಒಂದೇ ಬೆಳಗಿನ ಅವಕಾಶವುಳ್ಳವರಿಗೆ ನನ್ನ ಸಲಹೆ ಬೇರೆ. ಪೂರ್ವದ ಬಾಗಿಲಿನ ಮಣ್ಣುದಾರಿಯಲ್ಲಿ ಮರಗಳ ನೆರಳಿನಲ್ಲಿ ನಡೆದು ಬಂದರೆ, ಜನಜಂಗುಳಿ ಪಶ್ಚಿಮದಲ್ಲಿಯೇ ನಿಂತಿರುವಾಗ, ಪೂರ್ವದ ಪ್ರಾಕಾರದ ಮೊಗಸಾಲೆಯಲ್ಲಿ ಎಳೆಬಿಸಿಲು ಓರೆಯಾಗಿ ಬಿದ್ದು ಸಮುದ್ರಮಥನದ ಶಿಲ್ಪವನ್ನು ಬೆಳಗುತ್ತಿರುತ್ತದೆ.

ಸುಮಾರು 49 ಮೀಟರ್ ಉದ್ದದ ಈ ಉಬ್ಬುಶಿಲ್ಪದ ಮುಂದೆ ಅರ್ಧ ಗಂಟೆಯನ್ನಾದರೂ ಕಳೆಯಬೇಕು. ಎಡಗಡೆ ಅಸುರರು, ಬಲಗಡೆ ದೇವತೆಗಳು; ನಡುವೆ ಕಂಬದಂತೆ ನಿಂತ ಮಂದರ, ಅದರ ಮುಂದೆ ಚತುರ್ಭುಜನಾದ ವಿಷ್ಣು, ಬುಡದಲ್ಲಿ ಭಾರ ಹೊತ್ತ ಕೂರ್ಮ. ವಾಸುಕಿಯ ಹೆಡೆಗಳನ್ನು ಹಿಡಿದ ದೈತ್ಯನ ಗಾತ್ರವನ್ನೂ, ಬಾಲದ ತುದಿಯಲ್ಲಿ ನಿಂತ ಕಪಿವೀರನ ಭಂಗಿಯನ್ನೂ ನೋಡಿ ಕಣ್ಣು ತಣಿದ ಮೇಲೆ, ಕೆಳಗಿನ ಜಲರಾಶಿಯ ಕಡೆಗೆ ಬಾಗಿ ನೋಡಿರಿ: ದೂರದಲ್ಲಿ ಮೀನು ಮೊಸಳೆಗಳು ಸುಖವಾಗಿ ಈಜುತ್ತಿವೆ, ಕಡೆಗೋಲಿನ ಹತ್ತಿರ ಬರುಬರುತ್ತ ನೀರಿನ ಸೆಳೆತಕ್ಕೆ ಸಿಕ್ಕಿ ಅವು ತುಂಡು ತುಂಡಾಗಿವೆ. ಅಮೃತವು ಹುಟ್ಟುವಲ್ಲಿ ಕಡಲಿನ ಸಾಮಾನ್ಯ ಜೀವಿಗಳಿಗೆ ಏನಾಯಿತೆಂಬುದನ್ನು ಮರೆಯದೆ ಕೊರೆದ ಆ ಅಜ್ಞಾತ ಶಿಲ್ಪಿಯ ಮನಸ್ಸಿಗೆ ನಾನು ತಲೆಬಾಗುತ್ತೇನೆ. ಮೇಲೆ ಹಾರುತ್ತಿರುವ ಅಪ್ಸರೆಯರ ಸಾಲಂತೂ ಎಣಿಕೆಗೆ ಸಿಗುವುದಲ್ಲ.

ಪಶ್ಚಿಮದ ಮೊಗಸಾಲೆಯನ್ನು ಇನ್ನೊಂದು ದಿನದ ಅಪರಾಹ್ನಕ್ಕೆ ಮೀಸಲಿಡತಕ್ಕುದು. ಅದರ ದಕ್ಷಿಣ ಭಾಗದಲ್ಲಿ ಕುರುಕ್ಷೇತ್ರ, ಉತ್ತರ ಭಾಗದಲ್ಲಿ ಲಂಕಾಯುದ್ಧ. ಕೌರವರು ಎಡದಿಂದಲೂ ಪಾಂಡವರು ಬಲದಿಂದಲೂ ಕಾಲಾಳುಗಳನ್ನು ಮುಂದಿಟ್ಟುಕೊಂಡು ಬಂದು ನಡುವೆ ಬೆರೆತು ಹೋಗುತ್ತಾರೆ. ಎಡಗಡೆಯ ಮೇಲ್ಭಾಗದಲ್ಲಿ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನನ್ನು ತೋರಿಸಿಕೊಡಲು ಭಾರತವನ್ನು ಬಲ್ಲ ನಮಗೆ ಮಾರ್ಗದರ್ಶಕನ ಅಗತ್ಯ ಬೀಳುವುದಿಲ್ಲ. ಇಲ್ಲಿಯ ಶಿಲ್ಪಗಳ ಕ್ರಮ ಸಾಗುವುದು ನಮ್ಮ ರೂಢಿಯ ಪ್ರದಕ್ಷಿಣಕ್ಕೆ ಎದುರು ದಿಕ್ಕಿನಲ್ಲಿ, ಪಶ್ಚಿಮದಿಂದ ದಕ್ಷಿಣಕ್ಕೆ, ಅಲ್ಲಿಂದ ಪೂರ್ವಕ್ಕೆ. ಈ ದೇವಾಲಯವು ಅರಸನ ಸಮಾಧಿಮಂದಿರವೂ ಆಗಿದ್ದಿರಬಹುದೆಂದು ವಿದ್ವಾಂಸರು ಊಹಿಸಲು ಪಶ್ಚಿಮದ ಮುಖದೊಂದಿಗೆ ಇದೂ ಒಂದು ಕಾರಣ.

ಇಷ್ಟಾದರೂ ಅಂಕೋರಿನ ದೇಗುಲಗಳಲ್ಲಿ ನನ್ನ ಹೃದಯಕ್ಕೆ ಅತ್ಯಂತ ಸಮೀಪವಾದದ್ದು ಅಂಕೋರ್ ವಾಟ್ ಅಲ್ಲ. ಪಟ್ಟಣದಿಂದ ಒಂದು ಗಂಟೆಯ ಹಾದಿಯಲ್ಲಿರುವ, ಗಾತ್ರದಲ್ಲಿ ಅತಿ ಚಿಕ್ಕದಾದ ಬಂಟೇ ಸ್ರೇ. 967ರಲ್ಲಿ ಪ್ರತಿಷ್ಠೆಯಾದ ಈ ಶಿವಾಲಯವನ್ನು ಕಟ್ಟಿಸಿದವನು ಅರಸನಲ್ಲ, ಯಜ್ಞವರಾಹನೆಂಬ ರಾಜಗುರು. ಕೆಂಪು ಛಾಯೆಯ ಮರಳುಗಲ್ಲಿನಲ್ಲಿ ಇಲ್ಲಿಯ ಶಿಲ್ಪಿಗಳು ತೋರಿದ ಸೂಕ್ಷ್ಮತೆಯನ್ನು ಹಳೇಬೀಡನ್ನು ಕಂಡವರೂ ಬೆರಗಾಗಿ ನೋಡುತ್ತಾರೆ. ಒಂದು ಮುಖಪಟ್ಟಿಯಲ್ಲಿ ರಾವಣನು ಕೈಲಾಸವನ್ನು ಅಲುಗಿಸುತ್ತಿದ್ದಾನೆ. ಪಾರ್ವತಿ ಬೆದರಿ ಶಿವನನ್ನು ಆತುಕೊಂಡಿದ್ದಾಳೆ. ಬೆಟ್ಟದ ಮೃಗಗಳು ದಿಕ್ಕೆಟ್ಟು ಓಡುತ್ತಿವೆ. ಇನ್ನೊಂದರಲ್ಲಿ ಖಾಂಡವದಹನ: ಮೇಲೆ ಮೂರು ತಲೆಯ ಐರಾವತದ ಮೇಲೆ ಕುಳಿತ ಇಂದ್ರ, ಅವನು ಸುರಿಸುವ ಮಳೆ ಓರೆಯಾದ ಸಮಾನಾಂತರ ಗೆರೆಗಳಾಗಿ ಇಳಿಯುತ್ತಿದೆ, ಅದರ ಕೆಳಗೆ ಬಾಣಗಳ ಹಂದರ, ಇಕ್ಕೆಲದ ರಥಗಳಲ್ಲಿ ಕೃಷ್ಣಾರ್ಜುನರು, ನಡುವೆ ಕಂಗೆಟ್ಟ ಪ್ರಾಣಿಸಂಕುಲ. ವಾಲಿ ಸುಗ್ರೀವರ ಕಾಳಗವೂ ಇದೆ; ಕರಾವಳಿಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಯಕ್ಷಗಾನದಲ್ಲಿ ಆ ಪ್ರಸಂಗವನ್ನು ನೋಡಿದವರು ಇಬ್ಬರನ್ನೂ ಮೊದಲ ನೋಟದಲ್ಲಿಯೇ ಗುರುತಿಸುತ್ತಾರೆ. ಗುಡಿ ಪೂರ್ವಾಭಿಮುಖವಾದ್ದರಿಂದ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಸೇರುವುದು ಲೇಸು. ಹೊತ್ತೇರಿದ ಮೇಲೆ ಅಷ್ಟು ಕಿರಿದಾದ ಅಂಗಳದಲ್ಲಿ ನಿಲ್ಲಲು ಎಡೆ ಇರುವುದಿಲ್ಲ.

ಏಳನೆಯ ಜಯವರ್ಮನ ಕಾಲಕ್ಕೆ ರಾಜಧರ್ಮವು ಬೌದ್ಧವಾಯಿತು. 1181ರಲ್ಲಿ ಪಟ್ಟವೇರಿದ ಈ ಅರಸನು ಪ್ರತಿ ಪಾರ್ಶ್ವವೂ ಮೂರು ಕಿಲೋಮೀಟರ್ ಉದ್ದವಿರುವ ಕೋಟೆಯೊಳಗೆ ಅಂಕೋರ್ ಥಾಮ್ ನಗರವನ್ನೂ, ಅದರ ನಡುಮಧ್ಯದಲ್ಲಿ ಮಂದಹಾಸದ ಬೃಹನ್ಮುಖಗಳುಳ್ಳ ಬಯೋನ್ ದೇಗುಲವನ್ನೂ ನಿರ್ಮಿಸಿದನು. ಬಯೋನಿನ ಮುಖಗಳನ್ನು ಎಲ್ಲರೂ ನೋಡುತ್ತಾರೆ. ಹೊರಗೋಡೆಯ ಮೇಲಿನ ಸಂತೆ, ಕೋಳಿಯಂಕ, ಅಡುಗೆಯ ಒಲೆ, ನೆರೆಯ ಚಾಮ್ ಜನರೊಡನೆ ನಡೆದ ನೌಕಾಯುದ್ಧ ಇವುಗಳನ್ನು ನಿಂತು ನೋಡುವವರು ಕಡಮೆ. ಅವನು ತಾಯಿಯ ನೆನಪಿಗಾಗಿ 1186ರಲ್ಲಿ ಕಟ್ಟಿಸಿದ ತಾ ಪ್ರೋಮ್ ಇಂದು ಬೃಹದ್ವೃಕ್ಷಗಳ ಬೇರುಗಳ ಹಿಡಿತದಲ್ಲಿದೆ. ಅದರ ಜೀರ್ಣೋದ್ಧಾರದಲ್ಲಿ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಪಾಲ್ಗೊಂಡಿದೆ. ಅಲ್ಲಿಯ ಶಾಸನದಲ್ಲಿ ರಾಜ್ಯದ 102 ಆರೋಗ್ಯಶಾಲೆಗಳ ಉಲ್ಲೇಖವಿದೆ. ಅರಸನೊಬ್ಬನ ಹಿರಿಮೆಯನ್ನು ಅಳೆಯಲು ಶಿಖರಗಳ ಎತ್ತರಕ್ಕಿಂತ ಇದು ಉತ್ತಮವಾದ ಮಾನದಂಡವೆಂದು ನನಗೆ ತೋರುತ್ತದೆ.

ಇನ್ನು ವಿಶ್ರಾಂತಿಯ ವಿಚಾರ. ದೇಗುಲದ ದಿನಗಳಲ್ಲಿಯೂ ಹನ್ನೊಂದು ಗಂಟೆಯಿಂದ ಮೂರರವರೆಗೆ ಹೊರಗೆ ತಿರುಗಕೂಡದು. ಕಾದ ಕಲ್ಲಿನ ಮೇಲಿನ ನಡುಹಗಲಿನ ಬಿಸಿಲು ಎಂಥ ಉತ್ಸಾಹವನ್ನೂ ಬತ್ತಿಸಿಬಿಡುತ್ತದೆ. ವಸತಿಗೆ ಮರಳಿ, ಸ್ನಾನ ಮಾಡಿ, ಊಟವಾದ ಮೇಲೆ ಒಂದು ನಿದ್ದೆ ತೆಗೆದು ಮತ್ತೆ ಹೊರಡಬೇಕು. ಸಾಧಾರಣ ದರದ ವಸತಿಗಳಲ್ಲಿಯೂ ಈಜುಕೊಳವಿರುವುದು ಈ ಊರಿನ ಒಂದು ಸೌಕರ್ಯ. ಬಿಡುವಿನ ದಿನ ಪಶ್ಚಿಮ ಬಾರಾಯ್ ಕೆರೆಗೆ ಹೋಗಬಹುದು. ಎಂಟು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರಿಗೂ ಮಿಕ್ಕ ಅಗಲದ ಈ ಜಲಾಶಯವನ್ನು ಹನ್ನೊಂದನೆಯ ಶತಮಾನದಲ್ಲಿ ಕಟ್ಟಿದರು. ಇಂದಿಗೂ ರಜದ ದಿನ ಊರಿನ ಸಂಸಾರಗಳು ದಂಡೆಯ ಮೇಲೆ ಚಾಪೆ ಹಾಸಿ, ತೂಗುಮಂಚ ಕಟ್ಟಿ, ಬುತ್ತಿ ಬಿಚ್ಚಿಕೊಂಡು ಹೊತ್ತು ಕಳೆಯುತ್ತವೆ. ಮತ್ತೊಂದು ದಿನ ತೊನ್ಲೆ ಸಾಪ್ ಸರೋವರಕ್ಕೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ, ಸರೋವರದಿಂದ ಹೊರಡುವ ಹೊಳೆ ಹಿಮ್ಮುಖವಾಗಿ ಹರಿದು, ನೀರಿನ ಹರವು ಹಲವು ಮಡಿ ಹಿಗ್ಗುತ್ತದೆ. ಕಂಪೊಂಗ್ ಪ್ಲುಕ್ ಮುಂತಾದ ಹಳ್ಳಿಗಳ ಮನೆಗಳು ಎತ್ತರದ ಕಂಬಗಳ ಮೇಲೆ ನಿಂತಿರುವುದು ಈ ಕಾರಣದಿಂದಲೇ. ಸಂಜೆಗಳಲ್ಲಿ ಖ್ಮೇರ್ ಶಾಸ್ತ್ರೀಯ ನೃತ್ಯವನ್ನು ನೋಡತಕ್ಕುದು. 1975ರಿಂದ 79ರವರೆಗಿನ ಪೋಲ್ ಪಾಟನ ಆಳ್ವಿಕೆಯಲ್ಲಿ ನರ್ತಕರೂ ಗುರುಗಳೂ ಬಹುಸಂಖ್ಯೆಯಲ್ಲಿ ಮಡಿದು, ಬದುಕುಳಿದ ಕೆಲವರ ನೆನಪಿನಿಂದ ಮರಳಿ ಕಟ್ಟಿದ ಕಲೆ ಅದು. ಅದನ್ನು ಗೌರವದಿಂದ ನೋಡಬೇಕು.

ಕಾಲವನ್ನು ಆರಿಸುವುದರಲ್ಲಿ ಹೆಚ್ಚು ತೊಡಕಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಮಳೆ ಕಡಮೆ, ಸೆಕೆಯೂ ಮಿತವಾಗಿರುತ್ತದೆ. ಏಪ್ರಿಲ್ ತಿಂಗಳನ್ನು ಬಿಡುವುದೇ ಒಳ್ಳೆಯದು. ಬೆಂಗಳೂರಿನಿಂದ ಹೊರಡುವವರು ಬ್ಯಾಂಕಾಕ್, ಸಿಂಗಾಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಬರಬಹುದು. 2023ರಲ್ಲಿ ತೆರೆದ ಹೊಸ ವಿಮಾನನಿಲ್ದಾಣ ಪಟ್ಟಣದಿಂದ ಬಹಳ ದೂರದಲ್ಲಿರುವುದರಿಂದ ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಥಾಯ್ಲೆಂಡಿನಿಂದ ಭೂಮಾರ್ಗವಾಗಿ ಬರುವ ಹಳೆಯ ರೂಢಿಯನ್ನು ಮಾತ್ರ ಕೈಬಿಡಿರಿ. 2025ರಲ್ಲಿ ಎರಡೂ ದೇಶಗಳ ನಡುವೆ ಗಡಿಕದನ ನಡೆದು ದಾರಿಗಳು ಮುಚ್ಚಿದುವು, ಹೊರಡುವ ಮುನ್ನ ಅಲ್ಲಿಯ ಸ್ಥಿತಿಗತಿಯನ್ನು ವಿಚಾರಿಸುವುದು ಅವಶ್ಯ. ಭಾರತೀಯರು ಕಾಂಬೋಡಿಯದ ವೀಸಾವನ್ನು ಅಂತರಜಾಲದ ಮೂಲಕ ಪಡೆಯಬಹುದು. ಪೇಟೆಯಲ್ಲಿ ಡಾಲರ್ ನಡೆಯುತ್ತದೆ, ಆದರೆ ಹರಿದ ನೋಟನ್ನು ಯಾರೂ ಮುಟ್ಟರು. ಸಸ್ಯಾಹಾರಿಗಳು ಮೀನಿನ ಸಾರವನ್ನೂ, ಹುದುಗಿಸಿದ ಮೀನಿನಿಂದ ಮಾಡುವ ಪ್ರಹೋಕನ್ನೂ ಸೇರಿಸಬಾರದೆಂದು ಬಿಡಿಸಿ ಹೇಳಬೇಕು. ಆ ತೊಡಕೇ ಬೇಡವೆನ್ನುವವರಿಗೆ ಭಾರತೀಯ ಹೋಟೆಲುಗಳಿವೆ. ಭುಜವೂ ಮೊಣಕಾಲೂ ಮುಚ್ಚುವ ಉಡುಪಿಲ್ಲದವರನ್ನು ಅಂಕೋರ್ ವಾಟಿನ ಮೇಲಿನ ಅಂತಸ್ತಿಗೆ ಬಿಡುವುದಿಲ್ಲ.

ಕಡಲನ್ನು ನೋಡಲೇಬೇಕೆಂಬ ಆಸೆಯುಳ್ಳವರು ಪ್ರವಾಸವನ್ನು ಹತ್ತು ದಿನಗಳಿಗೆ ಹಿಗ್ಗಿಸಿ, ರಾಜಧಾನಿ ನಾಮ್ ಪೆನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಬಂಟೇ ಸ್ರೇಯಿಂದ ತಂದಿರಿಸಿದ ಭೀಮ ದುರ್ಯೋಧನರ ಗದಾಯುದ್ಧದ ಶಿಲ್ಪವನ್ನು ಕಂಡು, ಅಲ್ಲಿಂದ ಮೆಣಸಿನ ತೋಟಗಳ ಕಂಪೋಟಿಗೂ ಅದರ ನೆರೆಯ ಕೆಪ್ ತೀರಕ್ಕೂ ಇಳಿಯಲಿ. ಏಳೇ ದಿನವಿದ್ದಲ್ಲಿ ಆ ಆಸೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ಜಾಣತನ.

ಕಡೆಯದಾಗಿ ವಾಚಕರಲ್ಲಿ ಒಂದು ಬಿನ್ನಹ. ವಿದೇಶಪ್ರವಾಸವೆಂದರೆ ಮನೆಯ ಹಿರಿಯರನ್ನು ಊರಿನಲ್ಲಿ ಬಿಟ್ಟು ಹೊರಡುವುದು ವಾಡಿಕೆಯಾಗಿದೆ. ಅಂಕೋರ್ ವಾಟಿನ ತುದಿಯ ಅಂತಸ್ತಿನ ಕಡಿದಾದ ಮೆಟ್ಟಿಲುಗಳನ್ನು ಅವರು ಏರಲಾರರು, ನಿಜ. ಆದರೆ ನಾನು ಮೇಲೆ ಹೇಳಿದ ಕುರುಕ್ಷೇತ್ರ, ಲಂಕೆ, ಸಮುದ್ರಮಥನಗಳೆಲ್ಲ ಇರುವುದು ಕೆಳಗಿನ ಮೊದಲ ಪ್ರಾಕಾರದ ನೆರಳಿನಲ್ಲಿ, ನಿಂತವರ ಕಣ್ಣಿನ ಮಟ್ಟದಲ್ಲಿ. ಭಾರತ ರಾಮಾಯಣಗಳನ್ನು ಬಾಲ್ಯದಿಂದ ಕೇಳಿ ಬೆಳೆದ ಅಜ್ಜಿ ತಾತಂದಿರು ಆ ಗೋಡೆಯನ್ನು ಮೊಮ್ಮಕ್ಕಳಿಗೆ ಓದಿ ಹೇಳುವಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಅವರನ್ನೂ ಕರೆದುಕೊಂಡು ಹೋಗಿರಿ.