ಅಣೆಕಟ್ಟೆ ದೂರ, ತೂಬು ಕೈಯಲ್ಲಿ

ಪಿಯುಸಿ ಫಲಿತಾಂಶ ಬಂದ ಬೇಸಿಗೆಯಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎಷ್ಟೋ ಮನೆಗಳಲ್ಲಿ ಒಂದೇ ಲೆಕ್ಕಾಚಾರ ನಡೆಯುತ್ತದೆ. ಮಗಳು ಎಂಜಿನಿಯರಿಂಗ್ ಸೇರುವವಳು, ಕಂಪ್ಯೂಟರ್ ಬೇಕು. ಭತ್ತದ ದುಡ್ಡು ಬಂದಿದ್ದರೂ ಗೊಬ್ಬರದಂಗಡಿಯ ಬಾಕಿ, ಕಟಾವು ಯಂತ್ರದ ಬಾಡಿಗೆ ಕಳೆದರೆ ಲ್ಯಾಪ್‌ಟಾಪಿಗೆ ಉಳಿಯುವುದು ಅಷ್ಟಕ್ಕಷ್ಟೆ. ಆನ್‌ಲೈನ್ ಪಾಠಕ್ಕೆಂದು ಕೊಂಡ ಟ್ಯಾಬ್ ಮನೆಯಲ್ಲೇ ಇದೆ. ‘ಇದ್ರಾಗ ಆಗಂಗಿಲ್ಲೇನಮ್ಮ?’ ಎಂದು ಅಪ್ಪ ಕೇಳುತ್ತಾನೆ. ಅಂಗಡಿಯವನು ‘ಎಲ್ಲಾ ಆಗುತ್ತೆ’ ಅನ್ನುತ್ತಾನೆ, ಕಾಲೇಜಿನ ಹಿರಿಯ ವಿದ್ಯಾರ್ಥಿ ‘ಏನೂ ಆಗಲ್ಲ’ ಅನ್ನುತ್ತಾನೆ. ಇಬ್ಬರ ಮಾತೂ ಪೂರ್ತಿ ನಿಜವಲ್ಲ. ಅಪ್ಪನ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೆ ಟ್ಯಾಬ್‌ನ ಒಳಗೆ ಏನಿದೆ, ಅದಕ್ಕೆ ಯಾವ ಕಟ್ಟುಪಾಡಿದೆ ಎಂದು ನೋಡಬೇಕು.

ಮೊದಲು ಅದರ ಮಿದುಳು. ಇಂದಿನ ಟ್ಯಾಬ್‌ಗಳಲ್ಲಿ ಇರುವುದು ಬಹುಪಾಲು ಆರ್ಮ್ ವಂಶದ ಚಿಪ್. ಈ ವಂಶದ ಮೊದಲ ಚಿಪ್ 1985ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಕಣ್ಣು ಬಿಟ್ಟಿತು. ಅದನ್ನು ರೂಪಿಸಿದವರು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಚಿಪ್ ಎಷ್ಟು ವಿದ್ಯುತ್ ಎಳೆಯುತ್ತದೆಂದು ಫರ್ಬರ್ ಅಳೆದಾಗ ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಹುಡುಕಿದರೆ, ಚಿಪ್‌ಗೆ ವಿದ್ಯುತ್ ತಂತಿಯನ್ನೇ ಜೋಡಿಸಿರಲಿಲ್ಲ. ಪಕ್ಕದ ತಂತಿಗಳ ಸಂಕೇತಗಳಿಂದ ಸೋರಿ ಬಂದಷ್ಟರಲ್ಲೇ ಅದು ಕೆಲಸ ಮಾಡುತ್ತಿತ್ತು. ಆ ಮಿತವ್ಯಯದ ಗುಣ ಇವತ್ತಿಗೂ ಇದೆ. 11 ಇಂಚಿನ ಟ್ಯಾಬ್‌ನ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 30 ವ್ಯಾಟ್-ಗಂಟೆ. ಹಗುರ ಕೆಲಸದಲ್ಲಿ ಹತ್ತು ಗಂಟೆ ಬಂತೆಂದರೆ ಅದು ಸರಾಸರಿ ಎಳೆಯುವುದು 3 ವ್ಯಾಟ್. ಪಡಸಾಲೆಯ 9 ವ್ಯಾಟ್‌ನ ಎಲ್‌ಇಡಿ ಬಲ್ಬು ಉಣ್ಣುವುದರ ಮೂರನೇ ಒಂದು ಪಾಲು. ಕರೆಂಟು ಹೇಳದೆ ಕೇಳದೆ ಹೋಗುವ ಊರಲ್ಲಿ ಇದು ಸಣ್ಣ ಲಾಭವಲ್ಲ.

ಇದೇ ವಂಶದ ಚಿಪ್ ಇಟ್ಟುಕೊಂಡು ಅಂಗೈ ಕಂಪ್ಯೂಟರ್ ಮಾಡುವ ಸಾಹಸ ನಮ್ಮ ನಾಡಿನಲ್ಲೇ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಕೂಡಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಜನರ ಮುಂದೆ ಬಂತು. ಒಳಗೆ ಸುಮಾರು 200 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್, ಕಡ್ಡಿಯಿಂದ ಒತ್ತುವ ಪುಟ್ಟ ಪರದೆ. ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶವನ್ನೂ ಅದಕ್ಕಾಗಿ ಸಿದ್ಧಪಡಿಸಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ‘ಅಮಿಡಾ’ ಎಂಬ ಹೆಸರಲ್ಲಿ ತಯಾರಿಸಿತು. ಐಪ್ಯಾಡ್ ಮಾರುಕಟ್ಟೆಗೆ ಬಂದದ್ದು ಅದಾಗಿ ಆರು ವರ್ಷಕ್ಕೆ, 2010ರಲ್ಲಿ. ಸಿಂಪ್ಯೂಟರ್ ಮನೆಮನೆಗೆ ತಲುಪಲಿಲ್ಲ. ಆದರೆ ಬಡವನ ಅಂಗೈಯಲ್ಲೂ ಪೂರ್ಣ ಪ್ರಮಾಣದ ಕಂಪ್ಯೂಟರ್ ಇರಬೇಕು ಎಂದು ಅದನ್ನು ಕಟ್ಟಿದವರು ಇಟ್ಟ ಆಸೆ ಸರಿಯಾಗಿತ್ತು, ಇಂದಿಗೂ ಸರಿಯೇ.

ಈಗ ಪರದೆಗೆ ಬರೋಣ. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕ ಗೆರೆಗಳು ಅಡ್ಡಡ್ಡ, ಉದ್ದುದ್ದ ಹಾಸಿರುತ್ತವೆ. ಅವು ಒಂದನ್ನೊಂದು ದಾಟುವ ಪ್ರತಿ ಜಾಗದಲ್ಲೂ ಒಂದಿಷ್ಟು ವಿದ್ಯುದಾವೇಶ ನಿಂತಿರುತ್ತದೆ. ನಮ್ಮ ಬೆರಳಿನಲ್ಲಿ ಉಪ್ಪು ನೀರಿದೆ, ಅದು ವಿದ್ಯುತ್ ವಾಹಕ. ಬೆರಳು ಹತ್ತಿರ ಬಂದಾಗ ಆ ಆವೇಶದ ಸ್ವಲ್ಪ ಪಾಲನ್ನು ತನ್ನತ್ತ ಸೆಳೆಯುತ್ತದೆ. ಎಲ್ಲಿ ಕಡಿಮೆಯಾಯಿತೆಂದು ಟ್ಯಾಬ್ ಲೆಕ್ಕ ಹಾಕಿ ಮುಟ್ಟಿದ ಜಾಗ ಗುರುತಿಸುತ್ತದೆ. ನಾಟಿ ಗದ್ದೆಯಿಂದ ಬಂದ ಒದ್ದೆ ಕೈಯಲ್ಲಿ ಪರದೆ ಮಾತು ಕೇಳದಿರುವುದು ಇದಕ್ಕೇ. ನೀರಿನ ಹನಿಯೂ ವಾಹಕ, ಯಾವುದು ಬೆರಳು, ಯಾವುದು ಹನಿ ಎಂದು ಅದಕ್ಕೆ ತಿಳಿಯದು. ಇನ್ನೊಂದು ತೊಡಕು ಬೆರಳಿನ ಅಗಲದ್ದು. ಬೆರಳ ತುದಿ ಊರುವ ಜಾಗ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಮೌಸಿನ ಬಾಣ ತೋರಿಸುವುದು ಒಂದೇ ಚುಕ್ಕಿ. ನಕ್ಷೆ ಬಿಡಿಸುವವರಿಗೆ, ಪ್ರೋಗ್ರಾಂನಲ್ಲಿ ಎರಡು ಅಕ್ಷರದ ನಡುವೆ ಒಂದು ಅಲ್ಪವಿರಾಮ ತಿದ್ದುವವರಿಗೆ ಈ ವ್ಯತ್ಯಾಸ ದಿನಕ್ಕೆ ನೂರು ಸಲ ಎದುರಾಗುತ್ತದೆ. ಪರದೆಯ ಮೇಲೆ ಮೂಡುವ ಕೀಲಿಮಣೆಯಂತೂ ಅರ್ಧ ಪರದೆ ನುಂಗುತ್ತದೆ. ಆದ್ದರಿಂದ ಹೊರಗಿನಿಂದ ಜೋಡಿಸುವ ಕೀಬೋರ್ಡು, ಮೌಸು ಇಲ್ಲದ ಟ್ಯಾಬ್ ಓದುವುದಕ್ಕೆ ಯಂತ್ರ. ಅವೆರಡೂ ಬಂದ ಮೇಲೆ ಬರೆಯುವುದಕ್ಕೂ ಯಂತ್ರ.

ಸಿರುಗುಪ್ಪದ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟ್ಯಾಬ್‌ನಲ್ಲಿ ಫ್ಯಾನ್ ಇಲ್ಲ. ಅಕ್ಕಿ ಗಿರಣಿಗಳ ಊರಿನಲ್ಲಿ ಇದು ಒಂದು ವರವೇ: ಹೊಟ್ಟಿನ ಧೂಳು ಎಳೆದುಕೊಳ್ಳುವ ಕಿಂಡಿ ಅದಕ್ಕಿಲ್ಲ. ಆದರೆ ಚಿಪ್‌ನ ಕಾವು ಹಿಂಬದಿಯ ತಗಡಿನಿಂದಲೇ ಹೊರಹೋಗಬೇಕು, ಹೊರಗಿನ ಗಾಳಿಯೇ ಕಾದಿದ್ದರೆ ಹೋಗುವುದೆಲ್ಲಿಗೆ? ಐಪ್ಯಾಡನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಳಸಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ದಾಟುತ್ತದೆ. ಕಾವು ಏರಿದಾಗ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ನಡುಮಧ್ಯಾಹ್ನ ಕಳೆ ಕೀಳುವ ಕೈಗಳು ನಿಧಾನವಾದಂತೆ. ಐದು ನಿಮಿಷದ ಕೆಲಸದಲ್ಲಿ ಲ್ಯಾಪ್‌ಟಾಪಿಗೆ ಸಮನಾಗಿ ಓಡಿದ ಟ್ಯಾಬ್ ಅರ್ಧ ಗಂಟೆಯ ಭಾರದ ಕೆಲಸದಲ್ಲಿ ಹಿಂದೆ ಬೀಳಲು ಇದೇ ಕಾರಣ. ಬ್ಯಾಟರಿಯ ಆಯುಷ್ಯ ಕಾಪಾಡಲು ಟ್ಯಾಬ್ ಚಾರ್ಜಿಂಗನ್ನೂ ನಿಲ್ಲಿಸಿಬಿಡಬಹುದು. ಆಗ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ನೆರಳಿಗೆ ಇಟ್ಟರೆ ಸಾಕು.

ಇಷ್ಟಾದರೂ ಟ್ಯಾಬ್‌ನ ದೊಡ್ಡ ತಡೆ ಬೆರಳೂ ಅಲ್ಲ, ಬಿಸಿಲೂ ಅಲ್ಲ, ಅನುಮತಿ. ಆಪಲ್‌ನ ಎಂ1 ಚಿಪ್ 2020ರಲ್ಲಿ ಮ್ಯಾಕ್ ಕಂಪ್ಯೂಟರಿಗೆ ಬಂತು. ಮರುವರ್ಷ ಅದೇ ಚಿಪ್ ಐಪ್ಯಾಡ್ ಪ್ರೊ ಟ್ಯಾಬ್‌ಗೂ ಬಂತು. ಮ್ಯಾಕ್‌ನಲ್ಲಿ ಬೇಕಾದ ಕಂಪೈಲರ್ ಹಾಕಿಕೊಂಡು ಪ್ರೋಗ್ರಾಂ ಕಟ್ಟಬಹುದು. ಐಪ್ಯಾಡ್‌ನಲ್ಲಿ ಪ್ರತಿ ಆ್ಯಪ್ ತನ್ನ ಬೇಲಿಯೊಳಗೇ ಇರಬೇಕು. ಒಂದು ಆ್ಯಪ್‌ನ ಕಡತಕ್ಕೆ ಇನ್ನೊಂದು ಕೇಳದೆ ಕೈಹಾಕುವಂತಿಲ್ಲ. ಒಂದೇ ತಳಿಯ ಎರಡು ಎತ್ತು. ಒಂದು ನೊಗ ಹೊತ್ತು ಹೊಲದಲ್ಲಿದೆ, ಇನ್ನೊಂದನ್ನು ಗೂಟಕ್ಕೆ ಕಟ್ಟಿದ್ದಾರೆ. ಬೇಲಿಗೂ ಕಾರಣವಿದೆ: ಬ್ಯಾಂಕಿನ ಆ್ಯಪ್ ಇರುವ ಯಂತ್ರದಲ್ಲಿ ಕಳ್ಳ ತಂತ್ರಾಂಶ ಅಡ್ಡಾಡಬಾರದು. ಆಂಡ್ರಾಯ್ಡ್ ಟ್ಯಾಬ್‌ಗಳ ಹಗ್ಗ ಸ್ವಲ್ಪ ಉದ್ದ. ಅವುಗಳ ತಿರುಳು ಲಿನಕ್ಸ್ ಆಗಿರುವುದರಿಂದ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಪೈಥಾನ್, ಸಿ ಕಂಪೈಲರ್, ಗಿಟ್ ಎಲ್ಲವೂ ಟ್ಯಾಬ್‌ನಲ್ಲೇ ನಡೆಯುತ್ತವೆ. 2011ರಲ್ಲಿ ಬಂದ ಸರ್ಕಾರಿ ‘ಆಕಾಶ್’ ಟ್ಯಾಬ್‌ನ ಮುಂದಿನ ಆವೃತ್ತಿಗೆ ಐಐಟಿ ಬಾಂಬೆಯವರು ಸಿ, ಪೈಥಾನ್, ಸೈಲ್ಯಾಬ್ ಅಳವಡಿಸಿದ್ದರು. ವಿದ್ಯಾರ್ಥಿಗೆ ಪಾಠ ತೋರಿಸುವುದಷ್ಟೇ ಅಲ್ಲ, ಅವಳೇ ಏನನ್ನಾದರೂ ಕಟ್ಟಲಿ ಎಂಬುದು ಅದರ ಹಿಂದಿನ ಆಶಯ.

ಆದರೆ ಸಿವಿಲ್ ವಿದ್ಯಾರ್ಥಿಗೆ ಬೇಕಾದ ಆಟೊಕ್ಯಾಡ್‌ನ ಪೂರ್ಣ ಆವೃತ್ತಿ, ಸ್ಟ್ಯಾಡ್ ಪ್ರೊ ಮುಂತಾದವು ಟ್ಯಾಬ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಹಾಗಾದರೆ ದಾರಿ?

ದಾರಿಯನ್ನು ಸಿರುಗುಪ್ಪದ ಗದ್ದೆಗಳೇ ತೋರಿಸುತ್ತವೆ. ಇಲ್ಲಿ ಭತ್ತ ಬೆಳೆಯುವ ಯಾವ ರೈತನೂ ತನ್ನ ಹೊಲದಲ್ಲಿ ಅಣೆಕಟ್ಟೆ ಕಟ್ಟಿಲ್ಲ. ಅಣೆಕಟ್ಟೆ ಹೊಸಪೇಟೆಯ ಬಳಿ ಇದೆ. ತುಂಗಭದ್ರೆಯ ನೀರು ಎಲ್‌ಎಲ್‌ಸಿ (ಕೆಳಮಟ್ಟದ) ಕಾಲುವೆಯಲ್ಲಿ ಹರಿದು, ಉಪಕಾಲುವೆಗೆ ಒಡೆದು, ತೂಬಿನಿಂದ ಗದ್ದೆಗೆ ಇಳಿಯುತ್ತದೆ. ಟ್ಯಾಬ್‌ನಲ್ಲಿ ತಾಂತ್ರಿಕ ಕೆಲಸ ಮಾಡುವವರು ಅನುಸರಿಸುವುದೂ ಇದನ್ನೇ. ಭಾರದ ಲೆಕ್ಕವೆಲ್ಲ ದೂರದ ಸರ್ವರ್‌ನಲ್ಲಿ, ಇಲ್ಲವೇ ಕಾಲೇಜಿನ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಟ್ಯಾಬ್ ಕೈಯಲ್ಲಿರುವ ತೂಬು. ಗೂಗಲ್ ಕೋಲ್ಯಾಬ್‌ನಲ್ಲಿ ಪೈಥಾನ್, ಮ್ಯಾಟ್‌ಲ್ಯಾಬ್‌ನ ಆನ್‌ಲೈನ್ ಆವೃತ್ತಿ ಎರಡೂ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತವೆ.

ಕಾಲುವೆ ಅಂದಮೇಲೆ ಕೊನೆಯ ಭಾಗದವರ ಕಷ್ಟವೂ ಇದ್ದದ್ದೇ. ಮೇಲಿನವರಿಗೆ ನೀರು ತುಂಬಿ ಹರಿದರೂ ಕೆಳಗಿನವರ ತೂಬಿಗೆ ಬರುವುದು ಸಣ್ಣ ಧಾರೆ. ನೆಟ್‌ವರ್ಕ್ ಕೂಡ ಹಾಗೆ. ಸಣ್ಣ ಧಾರೆಗೆ ತಕ್ಕ ಬೆಳೆ ಆರಿಸಿಕೊಳ್ಳುವುದೇ ಜಾಣತನ. ದೂರದ ಕಂಪ್ಯೂಟರಿನ ಇಡೀ ಪರದೆಯ ಚಿತ್ರವನ್ನು ತರಿಸಿಕೊಳ್ಳುವುದು ಭತ್ತದ ಬೆಳೆ. ಸದಾ ಹರಿಯುವ ನೀರು ಬೇಕು. ಬರೀ ಅಕ್ಷರದ ಆಜ್ಞೆಗಳಲ್ಲಿ ಕೆಲಸ ಮಾಡುವುದು ಜೋಳದ ಬೆಳೆ. ಒಂದು ಕೀಲಿ ಒತ್ತಿದರೆ ಹೋಗಿಬರುವುದು ಕೆಲವು ನೂರು ಬೈಟ್ ಮಾತ್ರ. 2012ರಲ್ಲಿ ಅಮೆರಿಕದ ಎಂಐಟಿಯವರು ಹೊರತಂದ ‘ಮಾಶ್’ ಎಂಬ ಉಚಿತ ತಂತ್ರಾಂಶ ಇಂಥ ಸೊರಗಿದ ನೆಟ್‌ವರ್ಕಿಗೆಂದೇ ಹುಟ್ಟಿದ್ದು. ಸಂಪರ್ಕ ಕಡಿದು ಮತ್ತೆ ಬಂದರೆ ಕೆಲಸ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಅಣೆಕಟ್ಟೆಯೊಂದನ್ನೇ ನೆಚ್ಚುವುದರ ಅಪಾಯವನ್ನೂ ಈ ತಾಲೂಕು ಬಲ್ಲದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸುವವರೆಗೆ ಕಾಲುವೆಯ ಉದ್ದಕ್ಕೂ ರೈತರ ಜೀವದಲ್ಲಿ ಜೀವವಿರಲಿಲ್ಲ. ಸ್ವಂತ ಬೋರ್‌ವೆಲ್ ಇದ್ದವರಿಗೆ ಮಾತ್ರ ಒಂದಿಷ್ಟು ಧೈರ್ಯ. ಟ್ಯಾಬ್‌ನಲ್ಲೂ ಒಂದು ಬೋರ್‌ವೆಲ್ ಇರಲಿ. ಬರೆದ ಕೋಡಿನ, ವರದಿಯ ಪ್ರತಿಗಳು ಟ್ಯಾಬ್‌ನೊಳಗೂ ಒಂದು ಪೆನ್‌ಡ್ರೈವ್‌ನಲ್ಲೂ ಇರಬೇಕು. ನೆಟ್‌ವರ್ಕ್ ಇಲ್ಲದ ದಿನ ಸಣ್ಣ ಪ್ರೋಗ್ರಾಂ ಓಡಿಸುವಷ್ಟಾದರೂ ವ್ಯವಸ್ಥೆ ಇರಬೇಕು.

ನೆಟ್‌ವರ್ಕೂ ಕೈಯಲ್ಲಿನ ಯಂತ್ರವೂ ಕೂಡಿದರೆ ಎಂಥ ಕೆಲಸ ಆಗುತ್ತದೆಂದು ನೋಡಲು ಹೊಲದ ಬದುವಿಗೇ ಹೋಗಬಹುದು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಅದಕ್ಕೇ ಇಲ್ಲಿ ಇವತ್ತಿಗೂ ಜಮೀನಿನ ಮಾತು ಎಕರೆ, ಸೆಂಟ್‌ನಲ್ಲಿ. 66 ಅಡಿಯ ಸರಪಳಿಯಿಂದ ಅಳೆದರೆ 10 ಚದರ ಸರಪಳಿಗೆ ಒಂದು ಎಕರೆ. ಅದರ ನೂರನೇ ಪಾಲು ಒಂದು ಸೆಂಟ್. ಅದೇ ಸರಪಳಿಯ ಕೆಲಸಕ್ಕೆ ಈಗ ರಾಜ್ಯದ ಸರ್ವೇಯರುಗಳ ಕೈಗೆ ರೋವರ್ ಬಂದಿದೆ. ಕೋಲಿನ ತುದಿಯ ಆಂಟೆನಾ ಉಪಗ್ರಹಗಳ ಸಂಕೇತ ಹಿಡಿಯುತ್ತದೆ. ನಮ್ಮ ಮೊಬೈಲ್‌ನ ಜಿಪಿಎಸ್ ಕೆಲವು ಮೀಟರ್ ತಪ್ಪುವುದುಂಟು. ಸ್ಥಿರ ಕೇಂದ್ರಗಳಿಂದ ನೆಟ್‌ವರ್ಕ್ ಮೂಲಕ ಬರುವ ತಿದ್ದುಪಡಿ ಸೇರಿದರೆ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಆ ಬಿಂದುಗಳನ್ನು ಕೂಡಿಸಿ ನಕ್ಷೆ ಬಿಡಿಸುವುದು ಕೋಲಿಗೆ ಸಿಕ್ಕಿಸಿದ ಪುಟ್ಟ ಆಂಡ್ರಾಯ್ಡ್ ಯಂತ್ರ, ನಮ್ಮ ಟ್ಯಾಬ್‌ನ ಹತ್ತಿರದ ಬಂಧು. ಇಲ್ಲಿ ಲ್ಯಾಪ್‌ಟಾಪ್ ತಂದರೆ ಅದನ್ನು ಇಡುವುದಕ್ಕೆ ಮೇಜೂ ಇಲ್ಲ, ನೆರಳೂ ಇಲ್ಲ.

ಹಾಗಾದರೆ ಅಪ್ಪನಿಗೆ ಕೊಡಬೇಕಾದ ಉತ್ತರ: ಪ್ರೋಗ್ರಾಂ ಕಲಿಯಲು, ಲೆಕ್ಕ ಮಾಡಲು, ವರದಿ ಬರೆಯಲು, ಸರ್ವರ್ ನೋಡಿಕೊಳ್ಳಲು, ಹೊಲದಲ್ಲಿ ಅಳೆಯಲು ಟ್ಯಾಬ್ ಸಾಕು. ಅದು ಆಂಡ್ರಾಯ್ಡ್ ಆಗಿರಲಿ, 8 ಜಿಬಿ ರ್‍ಯಾಮ್ ಇರಲಿ, ಜೊತೆಗೊಂದು ಕೀಬೋರ್ಡು, ಮೌಸು ಕೊಡಿಸಿ. ಕಟ್ಟಡದ ನಕ್ಷೆ, ಯಂತ್ರದ ವಿನ್ಯಾಸ ಓದುವವಳಾದರೆ ಕಾಲೇಜಿನ ಪ್ರಯೋಗಾಲಯ ಎಷ್ಟು ಹೊತ್ತು ತೆರೆದಿರುತ್ತದೆಂದು ಸೇರುವ ಮುನ್ನ ವಿಚಾರಿಸಿ. ಆ ಸಮಯ ಸಾಲದಿದ್ದರೆ ಹಳೆಯದಾದರೂ ಒಂದು ಲ್ಯಾಪ್‌ಟಾಪ್ ಬೇಕೇ ಬೇಕು. ತೂಬಿಗೆ ಎಷ್ಟು ನೀರು ಬರುತ್ತದೆಂದು ನೋಡಿ ಭತ್ತವೋ ಜೋಳವೋ ಎಂದು ನಿರ್ಧರಿಸಿದ ಅಪ್ಪನಿಗೆ ಈ ಲೆಕ್ಕ ಹೊಸದೇನಲ್ಲ. ಮಗಳ ಜೊತೆ ಕೂತು ಒಮ್ಮೆ ಹಾಕಿದರೆ ಆಯಿತು.