ಯುದ್ಧಾಘಾತ: ಸೈನಿಕನ ಮನಸ್ಸಿಗೆ ಆಗುವ ಗಾಯ

ಗುಂಡು ತಗುಲಿದ ಗಾಯ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಮೈಮೇಲೆ ಒಂದು ಗೀರೂ ಇಲ್ಲದೆ ರಣರಂಗದಿಂದ ಹಿಂದಿರುಗಿದ ಸೈನಿಕನು ನಿದ್ರೆಯಲ್ಲಿ ಕಿರಿಚಿಕೊಂಡು ಏಳುವುದೂ, ಸಣ್ಣ ಸದ್ದಿಗೆ ಬೆಚ್ಚಿಬೀಳುವುದೂ, ಮನೆಯವರೊಡನೆ ಮಾತು ಬಿಡುವುದೂ ಉಂಟು. ಇದು ಹೇಡಿತನವೆ? ಅಥವಾ ರೋಗವೆ?

ಮೊದಲನೆಯ ಮಹಾಯುದ್ಧದಲ್ಲಿ (1914–18) ಕಂದಕಗಳಲ್ಲಿ ಕುಳಿತು ಹಗಲಿರುಳು ಫಿರಂಗಿಗಳ ಹೊಡೆತವನ್ನು ಸಹಿಸಿದ ಸೈನಿಕರಲ್ಲಿ ಕೆಲವರಿಗೆ ಮಾತು ನಿಂತಿತು. ಕೆಲವರಿಗೆ ದೃಷ್ಟಿ ಮಂಜಾಯಿತು. ಕೆಲವರ ಕೈಕಾಲು ನಡುಗತೊಡಗಿದವು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞನು ‘ದಿ ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಇದನ್ನು ‘ಷೆಲ್ ಷಾಕ್’ ಎಂಬ ಹೆಸರಿನಿಂದ ವರ್ಣಿಸಿದನು. ಸ್ಫೋಟದ ಹೊಡೆತವೇ ನರಮಂಡಲವನ್ನು ಕೆಡಿಸುತ್ತದೆಂದು ಮೊದಲು ಹಲವರು ಊಹಿಸಿದ್ದರು. ಆದರೆ ಸ್ಫೋಟದ ಸಮೀಪದಲ್ಲೇ ಇಲ್ಲದವರಲ್ಲಿಯೂ ಇದೇ ಲಕ್ಷಣಗಳು ತೋರಿದುದರಿಂದ ಆ ಊಹೆ ಸಾಲದಾಯಿತು. ಅದೇ ಯುದ್ಧದಲ್ಲಿ ಪಲಾಯನ, ಹೇಡಿತನ ಮೊದಲಾದ ಆರೋಪಗಳ ಮೇಲೆ ಬ್ರಿಟಿಷ್ ಸೇನೆಯು ತನ್ನ ಸೈನಿಕರನ್ನೇ ಗುಂಡಿಕ್ಕಿ ಕೊಂದಿತು. ಅಂತಹ 306 ಮಂದಿಗೆ 2006ರಲ್ಲಿ ಮರಣೋತ್ತರ ಕ್ಷಮೆ ದೊರೆಯಿತು.

ನಮ್ಮ ನಾಡಿನವರೂ ಆ ಯುದ್ಧದಲ್ಲಿ ಹೋರಾಡಿದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಜೋಧಪುರದ ದಳದೊಡನೆ ಕೂಡಿ ಹೈಫಾ ನಗರವನ್ನು ಗೆದ್ದಿತು. ಮೈಸೂರು ದಳದ ಸ್ಮಾರಕವು ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಮೆಷಿನ್ ಗನ್ನುಗಳಿಗೆ ಎದುರಾಗಿ ಕುದುರೆ ಓಡಿಸಿದ ಧೀರರ ನರಗಳೂ ನಮ್ಮ ನರಗಳಂತಹವೇ. ಶೂರನ ಮನಸ್ಸಿಗೆ ಗಾಯವಾಗದೆಂದು ತಿಳಿಯುವುದು ತಪ್ಪು.

ಹಾಗಾದರೆ ಈ ಗಾಯ ಆಗುವುದು ಹೇಗೆ? ನಮ್ಮ ಮಿದುಳಿನೊಳಗೆ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯ ಕಂಡೊಡನೆ ಅದು ದೇಹವನ್ನು ಎಚ್ಚರಿಸುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರಿ ಎದೆಬಡಿತ ಏರುತ್ತದೆ. ಅಪಾಯ ಕಳೆದ ಮೇಲೆ ಹಣೆಯ ಹಿಂದಿರುವ ಮಿದುಳಿನ ಭಾಗವು ಈ ಎಚ್ಚರವನ್ನು ಶಮನಗೊಳಿಸಬೇಕು. ಯುದ್ಧಾಘಾತಕ್ಕೊಳಗಾದವನಲ್ಲಿ ಈ ಹತೋಟಿ ಸಡಿಲವಾಗುತ್ತದೆ. ನೆನಪೂ ‘ಇದು ಹಿಂದೆ ನಡೆದದ್ದು’ ಎಂಬ ಗುರುತಿಲ್ಲದೆ, ಈಗಲೇ ನಡೆಯುತ್ತಿರುವಂತೆ ಮರುಕಳಿಸುತ್ತದೆ.

ವಿಯೆಟ್ನಾಂ ಯುದ್ಧದ ಸೈನಿಕರ ಬವಣೆಯನ್ನು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘವು ಇದನ್ನು ‘ಆಘಾತೋತ್ತರ ಒತ್ತಡದ ವ್ಯಾಧಿ’ ಎಂದು ತನ್ನ ರೋಗಪಟ್ಟಿಗೆ ಸೇರಿಸಿತು. ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದು ದಿನಚರಿಯನ್ನು ಕೆಡಿಸಿದರೆ ಅದು ಈ ವ್ಯಾಧಿಯಾಗಿರಬಹುದು. ನುರಿತ ಚಿಕಿತ್ಸಕನ ಆಶ್ರಯದಲ್ಲಿ ಆ ನೆನಪನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು ಮುಖ್ಯ ಚಿಕಿತ್ಸೆ. ಔಷಧಗಳೂ ಕೆಲವರಿಗೆ ನೆರವಾಗುತ್ತವೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಡನೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಇಂತಹ ಚಿಕಿತ್ಸೆ ಅಲ್ಲಿ ದೊರೆಯುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯ ಮೂಲಕ ಉಚಿತವಾಗಿ ಕರೆ ಮಾಡಬಹುದು.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಬೀದಿಗಳಲ್ಲಿ ದೀಪಾವಳಿಯ ಪಟಾಕಿ ಸಿಡಿದಾಗ ನಿವೃತ್ತ ಯೋಧರೊಬ್ಬರು ಬಾಗಿಲು ಮುಚ್ಚಿಕೊಂಡರೆ, ವಿದ್ಯಾರ್ಥಿಮಿತ್ರರೇ, ನಗಬೇಡಿರಿ. ಪಟಾಕಿಯ ಸದ್ದನ್ನು ಕಡಿಮೆ ಮಾಡಿರಿ. ಯುದ್ಧದ ಕಥೆ ಹೇಳೆಂದು ಅವರನ್ನು ಪೀಡಿಸಬೇಡಿರಿ; ಅವರಾಗಿ ಹೇಳಹೊರಟರೆ ತಾಳ್ಮೆಯಿಂದ ಕೇಳಿರಿ. ವೈದ್ಯರಲ್ಲಿಗೆ ಹೋಗುವುದು ನಾಚಿಕೆಯ ಮಾತಲ್ಲವೆಂದು ಅವರ ಮನೆಯವರಿಗೆ ತಿಳಿಸಿರಿ.