ವಾಲ್‌ಪೇಪರ್ ಕೀಳೋದೋ, ಮುಚ್ಚೋದೋ?

ಗೃಹಪ್ರವೇಶದ ಸಂಭ್ರಮದಲ್ಲಿ ಹಾಲ್‌ನ ಗೋಡೆಗೆ ಇಷ್ಟಪಟ್ಟು ಅಂಟಿಸಿದ್ದ ಗುಲಾಬಿ ಹೂವಿನ ವಾಲ್‌ಪೇಪರ್. ಬಂದವರೆಲ್ಲ ‘ಎಷ್ಟು ಚೆನ್ನಾಗಿದೆ ರೀ’ ಅಂದಿದ್ದೇ ಅಂದಿದ್ದು. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಎದ್ದಿದೆ, ಸೋಫಾದಲ್ಲಿ ಕೂತವರ ತಲೆ ತಾಗಿ ಎಣ್ಣೆ ಕಲೆಯಾಗಿದೆ. ಕೀಳೋಣ ಅಂದ್ರೆ ಚೂರು ಚೂರಾಗಿ ಬರುತ್ತೆ. ಮುಂದಿನ ತಿಂಗಳು ಮಗಳ ನಿಶ್ಚಿತಾರ್ಥ ಬೇರೆ. ‘ಅದರ ಮೇಲೇ ಹೊಸದು ಅಂಟಿಸಿಬಿಡೋಣ’ ಅಂತಾರೆ ಮನೆಯವರು. ನೀವು ಹೂಂ ಅನ್ನುವ ಮುನ್ನ ಸ್ವಲ್ಪ ತಾಳಿ.

ನಮ್ಮ ಪಕ್ಕದ ಮನೆಯಾಕೆ ಹೀಗೇ ಮಾಡಿದರು. ಒಂದೇ ಮಳೆಗಾಲಕ್ಕೆ ರೂಮೆಲ್ಲ ಮುಗ್ಗಲು ವಾಸನೆ. ಮೊದಲೇ ಉಬ್ಬಸವಿದ್ದ ಅವರ ಅತ್ತೆಗೆ ರಾತ್ರಿ ನಿದ್ದೆಯಿಲ್ಲ. ಕೊನೆಗೆ ಕಿತ್ತು ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು! ಬಚ್ಚಲುಮನೆಯ ಪೈಪು ಸೋರಿ ಗೋಡೆಗೆ ತೇವ ಇಳೀತಿತ್ತು. ಕಾಗದ ಅದನ್ನು ಮುಚ್ಚಿಟ್ಟಿತ್ತು ಅಷ್ಟೆ.

ಮೊದಲು ಗೋಡೆ ನೋಡಿ

ಕಾಗದ ಎದ್ದಿರುವ ಕಡೆ ಸ್ವಲ್ಪ ಬಿಡಿಸಿ. ಬರಿ ಗೋಡೆಗೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಕಡೆ ಟೇಪ್ ಅಂಟಿಸಿ. 24 ಗಂಟೆ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆಯಲ್ಲಿ ತೇವ ಇದೆ ಅಂತಲೇ ಅರ್ಥ. ಅಂಥ ಗೋಡೆಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮೊದಲು ಪ್ಲಂಬರ್‌ನ ಕರೆಸಿ, ಆಮೇಲೆ ಪೇಂಟರ್‌ನ.

ಕೀಳುವ ಬಗೆ

ಚಿಕ್ಕಂದಿನಲ್ಲಿ ಮೈದಾ ಗೋಂದು ಕಾಸಿ ಗಾಳಿಪಟ ಅಂಟಿಸಿದ್ದು ನೆನಪಿದೆಯಾ? ವಾಲ್‌ಪೇಪರ್ ಅಂಟೂ ಹೆಚ್ಚುಕಡಿಮೆ ಅದೇ ಜಾತಿ. ಬಿಸಿನೀರು ತಾಗಿದರೆ ಸಡಿಲವಾಗುತ್ತೆ. ಆದರೆ ಮೇಲಿನ ಪ್ಲಾಸ್ಟಿಕ್ ಪದರ ನೀರನ್ನು ಒಳಗೆ ಬಿಡೋದಿಲ್ಲ. ಆದ್ದರಿಂದ ಮೊದಲು ಆ ಪದರವನ್ನು ಅಂಚಿನಿಂದ ಹಿಡಿದು ನಿಧಾನವಾಗಿ ಎಳೆಯಿರಿ. ಹಿಂದೆ ತೆಳು ಕಾಗದ ಉಳಿಯುತ್ತೆ. ನೀರು ಬೇಕಾಗಿರೋದು ಅದಕ್ಕೆ.

* ಸ್ವಿಚ್‌ಬೋರ್ಡ್ ಇರುವ ಗೋಡೆಯಾದರೆ ಮೇನ್ ಆಫ್ ಮಾಡಿ. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ.
* ಕೈ ತಡೆಯುವಷ್ಟು ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಸ್ಪಂಜಿನಿಂದ ಎರಡು ಮೂರು ಅಡಿ ಜಾಗಕ್ಕಷ್ಟೇ ಹಚ್ಚಿ. ಹತ್ತು ಹದಿನೈದು ನಿಮಿಷ ನೆನೆಯಲಿ.
* ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಮೆಲ್ಲಗೆ ಎತ್ತಿ. ಅಡುಗೆಮನೆ ಚಾಕು ಬೇಡವೇ ಬೇಡ. ನಾನು ಅವಸರಪಟ್ಟು ಚಾಕು ಹಾಕಿ, ಪುಟ್ಟಿಯನ್ನೂ ಹೆಪ್ಪಳಿಕೆಯಾಗಿ ಎಬ್ಬಿಸಿದ್ದೆ!
* ಗೋಡೆಗೆ ಪಿ.ಒ.ಪಿ. ಮಾಡಿಸಿದ್ದರೆ ನೀರು ಸುರಿಯಬೇಡಿ, ಮೆತ್ತಗಾಗಿಬಿಡುತ್ತೆ. ಒದ್ದೆ ಸ್ಪಂಜು ಹಿಂಡಿ ಬಳಸಿ.
* ಹಿಂದೆಯೇ ಅಂಟಿರುವ ಸ್ಟಿಕ್ಕರ್ ಮಾದರಿಯದಾದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ, ಗೋಡೆಗೆ ಒರಗಿಸಿದ ಹಾಗೆ ಹಿಂದಕ್ಕೆ ಎಳೆಯಿರಿ.

ಕೊನೆಗೆ ಉಳಿದ ಅಂಟನ್ನು ಬಿಸಿನೀರಿನಲ್ಲಿ ಒರೆಸಿ ತೆಗೆಯಿರಿ. ಅಂಟು ಉಳಿದರೆ ಹೊಸ ಬಣ್ಣ ಬಿರುಕು ಬಿಡುತ್ತೆ. ಎರಡು ದಿನ ಫ್ಯಾನ್ ಹಾಕಿ ಒಣಗಿಸಿ, ಆಮೇಲೇ ಪುಟ್ಟಿ, ಪ್ರೈಮರ್.

ಹಳೇ ಮನೆಯಾದರೆ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಹೆಚ್ಚು ಸೀಸ ಇರಬಹುದು. ಒಣಗೋಡೆಗೆ ಉಪ್ಪುಕಾಗದ ಉಜ್ಜಿ ದೂಳೆಬ್ಬಿಸಬೇಡಿ. ಮಕ್ಕಳು, ಬಸುರಿಯರು ಆ ಕೋಣೆಯಿಂದ ದೂರ ಇರಲಿ.

ಮುಚ್ಚಬಹುದಾದದ್ದು ಯಾವಾಗ?

ಗೋಡೆ ಒಣಗಿದ್ದು, ಒಂದೇ ಪದರದ ಕಾಗದ ಎಲ್ಲೂ ಏಳದೆ ಬಿಗಿಯಾಗಿ ಕೂತಿದ್ದರೆ ಮಾತ್ರ. ಜೋಡಣೆಗಳಿಗೆ ಪುಟ್ಟಿ ತುಂಬಿ, ನಯ ಮಾಡಿ, ಆಯಿಲ್ ಪ್ರೈಮರ್ ಹೊಡೆಸಿ. ನೀರಿನ ಪ್ರೈಮರ್ ಹಾಕಿದರೆ ಒಳಗಿನ ಅಂಟು ನೆನೆದು ಗುಳ್ಳೆ ಏಳುತ್ತೆ. ಹೊಳಪಿನ ಪ್ಲಾಸ್ಟಿಕ್ ಕಾಗದಕ್ಕೆ ಬಣ್ಣ ಸರಿಯಾಗಿ ಹಿಡಿಯೋದಿಲ್ಲ, ಅದನ್ನು ಕೀಳಿಸೋದೇ ವಾಸಿ. ಬಾಡಿಗೆ ಮನೆಯಾದರೆ ಓನರ್‌ಗೆ ಮೊದಲೇ ಹೇಳಿ. ಆಮೇಲೆ ಅಡ್ವಾನ್ಸ್‌ನಲ್ಲಿ ಮುರಿದುಕೊಂಡರು ಅಂತ ಪೇಚಾಡೋದು ಬೇಡ.

ನಿಶ್ಚಿತಾರ್ಥಕ್ಕೆ ದಿನ ಹತ್ತಿರ ಬಂದುಬಿಡ್ತಾ? ಗಾಬರಿ ಬೇಡ. ಒಂದು ಒಳ್ಳೇ ಇಳಕಲ್ ಸೀರೆಯನ್ನು ಆ ಗೋಡೆಯ ಮುಂದೆ ಇಳಿಬಿಡಿ, ಪಕ್ಕಕ್ಕೆ ಎರಡು ಬಾಳೆಕಂದು ನಿಲ್ಲಿಸಿ. ಫೋಟೋ ಚೆನ್ನಾಗಿ ಬರುತ್ತೆ. ಮರುದಿನ ಸೀರೆ ಬೀರುವಿಗೆ ಸೇರುತ್ತೆ. ಗೋಡೆ ಕೆಲಸವನ್ನು ಮಳೆ ನಿಂತ ಮೇಲೆ, ಅವಸರವಿಲ್ಲದೆ ಮಾಡಿಸಿದರಾಯ್ತು.